ಪ್ರತಿಕ್ರಿಯೆ: ಕರೆಂಟ್ ಹೋದ ತಕ್ಷಣ ಕ್ರೋಮ್‌ನಲ್ಲಿ ಎಚ್‌ಡಿಆರ್ ಮಾಯ
ಲ್ಯಾಪ್‌ಟಾಪ್ ಚಾರ್ಜರ್‌ನಲ್ಲಿದ್ದಾಗ ಕ್ರೋಮ್‌ನಲ್ಲಿ ಯೂಟ್ಯೂಬ್ ವಿಡಿಯೋ ಎಚ್‌ಡಿಆರ್‌ನಲ್ಲಿ (ಬೆಳಕು, ಬಣ್ಣ ಹೆಚ್ಚು ಎದ್ದು ಕಾಣುವ ರೀತಿ) ಬಂದು, ಕರೆಂಟ್ ಹೋದಾಗ ಬಣ್ಣ ಸಪ್ಪೆಯಾಗುತ್ತೆ, ಏನು ಮಾಡಲಿ ಅಂತ ಕೇಳಿದ್ದೀರಿ. ಅದು ಕ್ರೋಮ್ ತಪ್ಪಲ್ಲ. ಬ್ಯಾಟರಿ ಉಳಿಸಲು ವಿಂಡೋಸ್ 11 ತಾನೇ ಎಚ್‌ಡಿಆರ್ ಆಫ್ ಮಾಡುತ್ತಿರಬೇಕು.

ಸೆಟ್ಟಿಂಗ್ಸ್, ಸಿಸ್ಟಮ್, ಡಿಸ್‌ಪ್ಲೇ, ಎಚ್‌ಡಿಆರ್‌ಗೆ ಹೋಗಿ. 'ಯೂಸ್ ಎಚ್‌ಡಿಆರ್' ಆನ್ ಇರಲಿ. ಅಲ್ಲೇ ಕೆಳಗೆ ಬ್ಯಾಟರಿ ಆಯ್ಕೆಗಳಲ್ಲಿ, ಬ್ಯಾಟರಿಯಲ್ಲೂ ಎಚ್‌ಡಿಆರ್ ನಡೆಯಲು ಅನುಮತಿ ಕೊಡಿ. ಬ್ಯಾಟರಿ ಬೇಗ ಖಾಲಿಯಾಗುತ್ತೆ, ಅದಕ್ಕೆ ತಯಾರಿರಿ. ಬ್ಯಾಟರಿ ಸೇವರ್ (ಹೊಸ ಆವೃತ್ತಿಯಲ್ಲಿ ಇದರ ಹೆಸರು 'ಎನರ್ಜಿ ಸೇವರ್') ಆಫ್ ಮಾಡಿ, ಬ್ರೈಟ್‌ನೆಸ್ ಏರಿಸಿ, ಯೂಟ್ಯೂಬ್ ಪುಟ ರಿಫ್ರೆಶ್ ಮಾಡಿ.

ಈಗ ಚಾರ್ಜರ್ ಕಿತ್ತು ಪರೀಕ್ಷಿಸಿ. ಗೇರ್ ಗುರುತು ಒತ್ತಿದರೆ ಕ್ವಾಲಿಟಿ ಪಟ್ಟಿಯಲ್ಲಿ ಸಂಖ್ಯೆಯ ಪಕ್ಕ 'ಎಚ್‌ಡಿಆರ್' ಇರಬೇಕು. ವಿಡಿಯೋ ಮೇಲೆ ರೈಟ್ ಕ್ಲಿಕ್ ಮಾಡಿ 'ಸ್ಟ್ಯಾಟ್ಸ್ ಫಾರ್ ನರ್ಡ್ಸ್' ತೆರೆದರೆ ಇನ್ನೂ ಖಚಿತ: ಕೋಡೆಕ್ (ವಿಡಿಯೋ ಕುಗ್ಗಿಸಿ ಕಳಿಸುವ ವಿಧಾನ) ಸಾಲು 'ವಿಪಿ09.02' (vp09.02) ಅಂತ ಶುರುವಾದರೆ ಎಚ್‌ಡಿಆರ್, 'ವಿಪಿ09.00' ಆದರೆ ಮಾಮೂಲಿ. ರೌಟರ್ ಆಫ್ ಆಗಿ ಮೊಬೈಲ್ ಹಾಟ್‌ಸ್ಪಾಟ್‌ಗೆ ಬಂದಾಗ ಕ್ವಾಲಿಟಿ 480ಕ್ಕೆ ಇಳಿಯಬಹುದು. ಆದರೆ ಅಲ್ಲೂ ಎಚ್‌ಡಿಆರ್ ಇರುತ್ತೆ, ನೆಟ್ಟನ್ನು ದೂರಬೇಡಿ.

ಇಷ್ಟಾದರೂ ಬರದಿದ್ದರೆ ಕ್ರೋಮ್ ಫ್ಲ್ಯಾಗ್ಸ್‌ನಲ್ಲಿ (ಅಡ್ರೆಸ್ ಬಾರ್‌ನಲ್ಲಿ chrome://flags ಅಂತ ಹೊಡೆದರೆ ಬರುವ ಪ್ರಯೋಗದ ಸೆಟ್ಟಿಂಗ್ಸ್ ಪುಟ) 'ಫೋರ್ಸ್ ಕಲರ್ ಪ್ರೊಫೈಲ್' ನೋಡಿ. ಅದು 'ಡಿಫಾಲ್ಟ್' ಬಿಟ್ಟು 'ಎಸ್‌ಆರ್‌ಜಿಬಿ'ಯಲ್ಲಿದ್ದರೆ (ಮಾಮೂಲಿ ಬಣ್ಣದ ಮಟ್ಟ) ಎಚ್‌ಡಿಆರ್ ಬರುವುದೇ ಇಲ್ಲ. ಆದರೆ ಆಗ ಚಾರ್ಜರ್‌ನಲ್ಲೂ ಬರಬಾರದಿತ್ತು, ಹಾಗಾಗಿ ನಿಮ್ಮದರಲ್ಲಿ ಇದು ಅನುಮಾನವೇ. ಕ್ರೋಮ್ ಸಿಸ್ಟಮ್ ಸೆಟ್ಟಿಂಗ್‌ನಲ್ಲಿ ಗ್ರಾಫಿಕ್ಸ್ ಆಕ್ಸಲರೇಶನ್ ಆನ್ ಮಾಡಿ ರೀಲಾಂಚ್ ಕೊಡಿ.