ಒಂದೇ ಕ್ಯಾಸೆಟ್ ಮಂಕಾಗಿ ಕೇಳಿಸಿದರೆ

ಉಳಿದವೆಲ್ಲ ಚೆನ್ನಾಗಿ ಹಾಡಿ, 90ರ ದಶಕದ ಒಂದು ಡ್ಯುಯೆಟ್ ಕ್ಯಾಸೆಟ್ ಮಾತ್ರ ಕಂಬಳಿ ಹೊದ್ದು ಹಾಡಿದಂತಿದೆ ಅಂದರೆ ಬಹುತೇಕ ಟೇಪನ್ನು ಪ್ಲೇಯರ್‌ನ ಹೆಡ್‌ಗೆ (ಟೇಪ್ ಓದುವ ಭಾಗಕ್ಕೆ) ಒತ್ತಿಹಿಡಿಯುವ ಒಳಗಿನ ಪ್ಯಾಡ್ ಬಿದ್ದಿದೆ. ಚಿತ್ರದುರ್ಗದಂಥ ಊರಿನ ಬಿಸಿಲಿಗೆ ಅಟ್ಟದಲ್ಲಿದ್ದರೆ ಅಂಟು ಬಿಡದೇ ಇರುತ್ತಾ? ತೆರೆದ ಅಂಚಿನ ನಡುವೆ, ಟೇಪಿನ ಹಿಂದೆ, ತಾಮ್ರದ ಬಣ್ಣದ ತೆಳು ತಗಡಿನ ಮೇಲೆ ಪುಟ್ಟ ಫೆಲ್ಟ್ ತುಂಡು ಇದೆಯಾ ನೋಡಿ. ಇಲ್ಲದಿದ್ದರೆ ಐದು ಸ್ಕ್ರೂ ಇರುವ ಬೇಡದ ಕ್ಯಾಸೆಟ್‌ನಿಂದ ತಗಡುಸಮೇತ ತೆಗೆದು ಕೂರಿಸಿ. ಫೆವಿಕ್ವಿಕ್ ಬೇಡ, ಫೆಲ್ಟ್ ಕಲ್ಲಾಗಿ ಟೇಪ್ ಗೀರುತ್ತೆ. ಮೇಜಿನ ಮೇಲೆ ಮಲಗಿಸಿಯೇ ಬಿಚ್ಚಿ; ಎತ್ತಿದರೆ ಸುರುಳಿ ಚೆಲ್ಲಾಪಿಲ್ಲಿ. ಸ್ಕ್ರೂ ಇಲ್ಲದ ಕ್ಯಾಸೆಟ್ ಆದರೆ ಅಂಚಿನ ಬೆಸುಗೆಯನ್ನು ಬ್ಲೇಡಿನಿಂದ ನಿಧಾನ ಬಿಡಿಸಿ, ಎರಡೂ ಸುರುಳಿಗಳನ್ನು ಆ ಬೇಡದ ಕ್ಯಾಸೆಟ್‌ನ ಕವಚಕ್ಕೆ ಹಾಕಿ.

ಪ್ಯಾಡ್ ಸರಿಯಿದ್ದರೆ ಪ್ಲೇಯರ್‌ನಲ್ಲಿ ಹೆಡ್ ಪಕ್ಕದಲ್ಲಿರುವ, ಹೆಡ್‌ನ ಓರೆ ಹೊಂದಿಸುವ ಸ್ಪ್ರಿಂಗ್ ಸ್ಕ್ರೂ ಮೇಲೆ ಅನುಮಾನ. ಮೊದಲಿನ ಜಾಗ ಗುರುತು ಮಾಡಿಕೊಂಡು, ಹಾಡು ಓಡುತ್ತಿರುವಾಗಲೇ ಸ್ವಲ್ಪಸ್ವಲ್ಪ ತಿರುಗಿಸಿ, ತಾಳದ ಸದ್ದು ಚುರುಕಾದಲ್ಲಿ ನಿಲ್ಲಿಸಿ. ಉಳಿದ ಕ್ಯಾಸೆಟ್ ಕೇಳುವ ಮುಂಚೆ ಗುರುತಿಗೇ ವಾಪಸ್ ತನ್ನಿ. ಇಷ್ಟಕ್ಕೆ ರಿಪೇರಿ ಅಂಗಡಿಯವರ ಮುಂದೆ ನಾಚಿಕೊಳ್ಳೋದೇನೂ ಬೇಕಿಲ್ಲ.