ಕತ್ತರಿ ಹಿಡಿಯದವರ ಕೈಗೆ ಡೈರಿ

ಈ ವಾರದ ಪತ್ರಗಳಲ್ಲಿ ಒಂದನ್ನು ಓದಿ ಮುಗಿಸುವಷ್ಟರಲ್ಲಿ ನನಗೆ ಸಿಟ್ಟು ಬಂದಿತ್ತು. ಪತ್ರದಲ್ಲಿ ಒಂದೇ ವಾಕ್ಯದಲ್ಲಿ ಬಂದು ಮರೆಯಾಗುವ ಒಬ್ಬರ ಮೇಲಿನ ಸಿಟ್ಟು ಅದು. ಅವರ ಬಳಿಗೆ ಆಮೇಲೆ ಬರುತ್ತೇನೆ.

‘ನಗುಮುಖ’ ಎಂದು ಸಹಿ ಮಾಡಿರುವ ಈ ಓದುಗರು ಎಂಟು ವರ್ಷಗಳಿಂದ ಬ್ಯೂಟಿ ಪಾರ್ಲರ್ ನಡೆಸುತ್ತಿದ್ದಾರೆ. ಕಾಯಂ ಗ್ರಾಹಕಿಯೊಬ್ಬರು ಕೂದಲಿನ ಬಣ್ಣ ಕೆಟ್ಟಿತೆಂದು ನಾಲ್ಕು ಜನರೆದುರು ಕೂಗಾಡಿ ಹೋಗಿದ್ದಾರೆ. ಅಂದಿನಿಂದ ಇವರಿಗೆ ಬೆಳಿಗ್ಗೆ ಬಾಗಿಲು ತೆರೆಯುವಾಗ ಎದೆ ಹೊಡೆದುಕೊಳ್ಳುತ್ತದೆ, ರಾತ್ರಿ ಮನೆಗೆ ಬಂದರೆ ಮಕ್ಕಳ ಮೇಲೆ ರೇಗಾಟ. “ಮೊದಲೆಲ್ಲ ನಕ್ಕು ಮರೆಯುತ್ತಿದ್ದೆ, ಈಗ ಆಗುತ್ತಿಲ್ಲ. ಮನಸ್ಸನ್ನು ಗಟ್ಟಿ ಮಾಡಿಕೊಳ್ಳುವುದು ಹೇಗೆ?” ಎಂದು ಕೇಳಿದ್ದಾರೆ. ಪತ್ರದ ತುಂಬ ಗ್ರಾಹಕಿಯೇ ಇದ್ದಾರೆ. ಕೊನೆಯಲ್ಲಿ ಮಾತ್ರ ಹೀಗೊಂದು ಸಾಲು: “ಬುಕಿಂಗ್ ಎಲ್ಲವನ್ನೂ ನನ್ನ ಪತಿಯೇ ನೋಡಿಕೊಳ್ಳುವುದರಿಂದ ಆ ತಲೆನೋವಿಲ್ಲ. ರಾತ್ರಿ ಬಲಗೈ ಜೋಮು ಹಿಡಿದು ಎಚ್ಚರವಾಗುತ್ತದೆ, ಹಾಗಾಗಿ ನಿದ್ದೆ ಸ್ವಲ್ಪ ಕಡಿಮೆ, ಅಷ್ಟೇ.”

ಅಷ್ಟೇ ಅಂತೆ!

ನಗುಮುಖ ಅವರೇ, ಆ ಗ್ರಾಹಕಿಯನ್ನು ಸ್ವಲ್ಪ ಹೊತ್ತು ಹೊರಗೆ ಕೂರಿಸಿ ನಿಮ್ಮ ಕೈ ತೋರಿಸಿ. ಜೋಮು ಹಿಡಿಯುವುದು ಹೆಬ್ಬೆರಳು, ತೋರುಬೆರಳು, ನಡುಬೆರಳುಗಳಲ್ಲೇ? ಕಿರುಬೆರಳು ಸರಿಯಾಗಿದೆಯೇ? ಎದ್ದು ಕೈ ಕೊಡವಿದರೆ ಹಾಯೆನಿಸುತ್ತದೆಯೇ? ಹೌದೆಂದಾದರೆ ಮಣಿಕಟ್ಟಿನ ಇಕ್ಕಟ್ಟಿನ ದಾರಿಯಲ್ಲಿ ಹಾದುಹೋಗುವ ಮೀಡಿಯನ್ ನರ ಒತ್ತಿಹೋಗಿರುವ ಸಾಧ್ಯತೆ ಇದೆ. ಕಾರ್ಪಲ್ ಟನಲ್ ಸಿಂಡ್ರೋಮ್ ಎನ್ನುತ್ತಾರೆ. ಕತ್ತರಿ, ಡ್ರೈಯರ್, ದುಂಡು ಬ್ರಷ್, ಥ್ರೆಡಿಂಗ್ ದಾರ, ಮಸಾಜ್ ಎಲ್ಲವೂ ಮಣಿಕಟ್ಟನ್ನು ಬಾಗಿಸಿ ಅದೇ ಚಲನೆಯನ್ನು ಮತ್ತೆ ಮತ್ತೆ ಮಾಡಿಸುವ ಕೆಲಸಗಳು. ಸಕ್ಕರೆ ಕಾಯಿಲೆ ಅಥವಾ ಥೈರಾಯ್ಡ್ ಕೊರತೆಯಿಂದಲೂ ಇದು ಬರಬಹುದು, ಆದ್ದರಿಂದ ಪತ್ರ ಓದಿ ನಾನು ರೋಗ ಹೇಳುವಂತಿಲ್ಲ. ಆರಂಭದಲ್ಲಿ ಹಿಡಿದರೆ ರಾತ್ರಿ ಮಣಿಕಟ್ಟನ್ನು ನೇರವಾಗಿಡುವ ಪಟ್ಟಿಯೊಂದೇ ಅನೇಕರಿಗೆ ಸಾಕಾಗುತ್ತದೆ. ವರ್ಷಗಟ್ಟಲೆ ಬಿಟ್ಟರೆ ಹೆಬ್ಬೆರಳ ಬುಡದ ಸ್ನಾಯು ಸೊರಗಿ ಹಿಡಿತವೇ ಹೋಗಬಹುದು. ಆಮೇಲೆ ಕತ್ತರಿ ಹಿಡಿಯುವುದು ಯಾರು?

ರಾತ್ರಿಯಿಡೀ ಕೈ ಎಬ್ಬಿಸುತ್ತಿದ್ದರೆ ಬೆಳಿಗ್ಗೆ ಯಾವ ಮನಸ್ಸು ಗಟ್ಟಿಯಾಗಿರುತ್ತದೆ? ನಿದ್ದೆಗೆಟ್ಟವರಿಗೆ ಬೈಗುಳ ಎರಡು ಪಟ್ಟು ತಾಗುತ್ತದೆ. ಮಕ್ಕಳ ಮೇಲೆ ರೇಗುವುದಕ್ಕೂ ನೀವು ಸ್ವಭಾವದ ದೋಷ ಹುಡುಕಬೇಕಿಲ್ಲ.

ಈಗ ಗ್ರಾಹಕಿಯ ವಿಷಯ. ಇಲ್ಲಿ ನನ್ನ ಸಹಾನುಭೂತಿ ಪೂರ್ತಿ ನಿಮ್ಮ ಕಡೆಗಿಲ್ಲ. ಆಕೆ ಮನೆಯಲ್ಲಿ ವರ್ಷಗಟ್ಟಲೆ ಕಪ್ಪು ಡೈ ಹಚ್ಚಿಕೊಂಡು ಬಂದು ತಿಳಿಗಂದು ಬಣ್ಣ ಕೇಳಿದರು. ಬಣ್ಣದ ಮೇಲೆ ಬಣ್ಣ ಹಾಕಿದರೆ ಕೂದಲು ತಿಳಿಯಾಗುವುದಿಲ್ಲವೆಂಬುದು ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಒಂದು ಎಳೆಯ ಮೇಲೆ ಪರೀಕ್ಷಿಸಿದ್ದರೆ ಆಕೆಗೂ ಗೊತ್ತಾಗುತ್ತಿತ್ತು. “ಮೂವರು ಕಾಯುತ್ತಿದ್ದರಿಂದ ಅದನ್ನು ಬಿಟ್ಟೆ” ಎಂದು ನೀವೇ ಬರೆದಿದ್ದೀರಿ. ಆಕೆ ಕೂಗಾಡಿದ್ದು ತಪ್ಪು, ದೂರು ಸರಿ. ಅದೃಷ್ಟಕ್ಕೆ ಬಣ್ಣ ಕೆಟ್ಟಿದ್ದರಲ್ಲೇ ಮುಗಿಯಿತು. ಡೈನಲ್ಲಿರುವ ಪಿಪಿಡಿ ಎಂಬ ರಾಸಾಯನಿಕ ಒಗ್ಗದವರಿಗೆ ಮುಖ, ಕಣ್ಣು ಊದಿಕೊಳ್ಳುತ್ತವೆ. ಅದಕ್ಕಾಗಿ 48 ಗಂಟೆ ಮೊದಲೇ ಚರ್ಮದ ಮೇಲೆ ಹಚ್ಚಿ ನೋಡಬೇಕು. ನಿಮ್ಮ ಬುಕಿಂಗ್ ಡೈರಿಯಲ್ಲಿ ಅದಕ್ಕೆ ಜಾಗವೆಲ್ಲಿದೆ?

ಡೈರಿ ಎಂದೊಡನೆ ನಿಮ್ಮ ಪತಿ ನೆನಪಾದರು. ಅವರನ್ನು ನಾನು ನೋಡಿಲ್ಲ. ಆದರೆ ಹನ್ನೊಂದರಿಂದ ಏಳರವರೆಗೆ ಒಬ್ಬರು ಎದ್ದ ಕುರ್ಚಿಯಲ್ಲಿ ಇನ್ನೊಬ್ಬರು ಕೂರುತ್ತಾರೆ, ಮಧ್ಯಾಹ್ನದ ಊಟ ಸಂಜೆಗೆ ಜಾರುತ್ತದೆ, ಎರಡು ಫೇಷಿಯಲ್‌ಗಳ ನಡುವೆ ‘ಐದೇ ನಿಮಿಷದ’ ಐಬ್ರೋ ನುಸುಳುತ್ತದೆ ಎಂಬುದನ್ನೆಲ್ಲ ನೀವು ಹೆಮ್ಮೆಯಂತೆ ಬರೆದಿರುವುದನ್ನು ನೋಡಿದೆ. ಫೋನಿನಲ್ಲಿ ‘ಬನ್ನಿ, ಬನ್ನಿ’ ಎನ್ನಲು ಅವರಿಗೆ ಏನೂ ಖರ್ಚಾಗುವುದಿಲ್ಲ. ಪ್ರತಿ ‘ಬನ್ನಿ’ಯೂ ನಿಮ್ಮ ಮಣಿಕಟ್ಟಿನ ಲೆಕ್ಕಕ್ಕೆ ಬೀಳುತ್ತದೆ. ನಾನಂತೂ ಅದನ್ನು ಸಹಾಯ ಎಂದು ಕರೆಯಲಾರೆ. ಪ್ರೀತಿಯಿಂದಲೇ ಮಾಡುತ್ತಿರಬಹುದು, ಇರಲಿ. ಕತ್ತರಿ ಹಿಡಿಯದವರು ಕತ್ತರಿ ಹಿಡಿದವರ ಸಮಯ ನಿಗದಿ ಮಾಡಬಾರದು ಎಂಬುದು ನನ್ನ ಹಳೆಯ ಹಠ. ಅಡುಗೆಮನೆಯಿಂದ ಆಸ್ಪತ್ರೆಯವರೆಗೆ ಎಲ್ಲ ಕಡೆಗೂ ಇದೇ ಮಾತನ್ನು ಇಲ್ಲಿ ಬರೆದು ಓದುಗರಿಗೆ ಬೇಸರ ತರಿಸಿದ್ದೇನೆ.

ಇನ್ನೊಂದು ಹಠವೂ ಇದೆ. ಕೆಲಸದ ಏರ್ಪಾಡು ಕೆಟ್ಟಿರುವಾಗ ಮನಸ್ಸಿಗೆ ಕಸರತ್ತು ಮಾಡಿಸುವುದು ನನಗೆ ಒಪ್ಪಿಗೆಯಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಬರ್ನ್‌ಔಟ್ ಅನ್ನು, ಅಂದರೆ ಕೆಲಸದ ಒತ್ತಡದಿಂದ ಬಳಲಿ ಬೇಯುವುದನ್ನು, ತನ್ನ ರೋಗ ವರ್ಗೀಕರಣದ ಹೊಸ ಆವೃತ್ತಿಗೆ ಸೇರಿಸಿದಾಗಲೂ ಕಾಯಿಲೆ ಎನ್ನಲಿಲ್ಲ, ಕೆಲಸಕ್ಕೆ ಸಂಬಂಧಿಸಿದ ವಿದ್ಯಮಾನ ಎಂದಿತು. ನಿಮ್ಮ ವೃತ್ತಿಯಲ್ಲಂತೂ ಕೈಯ ಜೊತೆಗೆ ಮುಖವೂ ದುಡಿಯುತ್ತದೆ. ಕುರ್ಚಿಯಲ್ಲಿ ಕೂತವರು ಗಂಡ, ಅತ್ತೆ, ಮುರಿದುಹೋದ ಸಂಬಂಧ ಎಲ್ಲವನ್ನೂ ಹೇಳಿಕೊಂಡು ಹಗುರಾಗಿ ಎದ್ದು ಹೋಗುತ್ತಾರೆ, ನೀವು ಅದೇ ನಗುವಿನಲ್ಲಿ ಮುಂದಿನವರನ್ನು ಕರೆಯಬೇಕು. ವಿಮಾನ ಪರಿಚಾರಕಿಯರನ್ನು ಅಧ್ಯಯನ ಮಾಡಿದ ಅಮೆರಿಕದ ಸಮಾಜಶಾಸ್ತ್ರಜ್ಞೆ ಆರ್ಲಿ ಹಾಕ್‌ಶೀಲ್ಡ್, ಹೀಗೆ ಸ್ವಂತ ಭಾವನೆಯನ್ನು ಅದುಮಿ ನಗುವುದೂ ದುಡಿಮೆಯೇ ಎಂದು 1983ರಲ್ಲೇ ವಾದಿಸಿದ್ದರು. ದುಡಿಮೆ ಎಂದ ಮೇಲೆ ಅದಕ್ಕೂ ಬಿಡುವು ಬೇಕು. ಇಬ್ಬರು ಗ್ರಾಹಕರ ನಡುವೆ ಹದಿನೈದು ನಿಮಿಷ ಖಾಲಿ ಇದ್ದರೆ ಎಳೆ ಪರೀಕ್ಷೆ ನಡೆಯುತ್ತದೆ, ಮಣಿಕಟ್ಟು ಸಡಿಲಾಗುತ್ತದೆ, ಮುಖವೂ ಸಡಿಲಾಗುತ್ತದೆ. ಧ್ಯಾನ, ಉಸಿರಾಟ ಎಲ್ಲ ಆಮೇಲೆ, ಬೇಕಿದ್ದರೆ.

ನಿಮಗೆ ನಾನು ಹೇಳುವುದು ಒಂದೇ. ಈ ರಾತ್ರಿ ಆ ಡೈರಿಯನ್ನು ಇಸಿದುಕೊಂಡು, ಈ ವಾರದ ಒಂದು ಬೆಳಗಿನಲ್ಲಿ ಎರಡು ಗಂಟೆಗಳ ಅವಧಿಗೆ ನಿಮ್ಮದೇ ಹೆಸರು ಬರೆಯಿರಿ, ಪೆನ್ನಿನಲ್ಲಿ. ಆ ಹೊತ್ತಿಗೆ ಮೂಳೆ ಅಥವಾ ನರರೋಗ ತಜ್ಞರೆದುರು ಕೂತು ಕೈ ಚಾಚಿ. ರಜೆಯ ದಿನ ಹೋದರಾಯಿತು ಎಂಬ ಮಾತಿಗೆ ಒಪ್ಪಬೇಡಿ, ರಜೆ ಬಂದಾಗ ಅದಕ್ಕೂ ಒಬ್ಬ ಗ್ರಾಹಕರನ್ನು ಬರೆದಿರುತ್ತಾರೆ. ಡೈರಿಯನ್ನು ಮತ್ತೆ ಅವರ ಕೈಗೆ ಕೊಡಲೂ ಬೇಡಿ. ನಿಮ್ಮ ಪತಿ ಆ ಹೆಸರನ್ನು ಹೊಡೆದು ಹಾಕಿದರೆ ನನಗೆ ಇನ್ನೊಂದು ಪತ್ರ ಬರೆಯಿರಿ. ಆಗ ಉತ್ತರವನ್ನು ನೇರವಾಗಿ ಅವರಿಗೇ ಬರೆಯುತ್ತೇನೆ.