ಕನ್ನಡಕ ಕೊನೆಗೆ ಕೊಳ್ಳಿ

ಓದುಗರ ಪ್ರಶ್ನೆ, ನಮ್ಮ ಉತ್ತರ

ರಿಮೋಟಿನಿಂದ ಹಾರಿಸುವ ಮಾಡೆಲ್ ವಿಮಾನದ ಮೂಗಿನಲ್ಲಿ ಹೆಬ್ಬೆರಳಿನ ತುದಿಯಷ್ಟು ಕ್ಯಾಮೆರಾ, ಹಾರಿಸುವವರ ಕಣ್ಣಿಗೆ ಪುಟ್ಟ ಪರದೆ ಇರುವ ಗಾಗಲ್ಸ್. ನೆಲದ ಮೇಲೆ ಕುಳಿತೇ ಪೈಲಟ್ ಕಾಣುವುದನ್ನೆಲ್ಲ ಕಾಣುವ ಈ ಹವ್ಯಾಸಕ್ಕೆ ಎಫ್‌ಪಿವಿ (ಫಸ್ಟ್ ಪರ್ಸನ್ ವ್ಯೂ) ಎನ್ನುತ್ತಾರೆ. ಈ ಸಲ ಧಾರವಾಡ, ಗದಗ, ಹಾವೇರಿ ಜಿಲ್ಲೆಗಳಿಂದ ಬಂದ ಪತ್ರಗಳಲ್ಲಿ ಹೆಚ್ಚಿನವು ಇದರ ಬಗ್ಗೆಯೇ ಇದ್ದವು. ಒಂದೇ ಬಗೆಯ ಪ್ರಶ್ನೆಗಳನ್ನು ಕೂಡಿಸಿ ಉತ್ತರಿಸಿದ್ದೇವೆ.

ನಾನು ಎಂಜಿನಿಯರಿಂಗ್ ಎರಡನೇ ವರ್ಷದಲ್ಲಿದ್ದೇನೆ. ಟ್ಯೂಷನ್ ಹೇಳಿ ಸ್ವಲ್ಪ ಹಣ ಕೂಡಿಟ್ಟಿದ್ದೇನೆ. ಮೊದಲು ಗಾಗಲ್ಸ್ ಕೊಳ್ಳಲೋ, ವಿಮಾನ ಕೊಳ್ಳಲೋ? ಹೊರದೇಶದಿಂದ ಸಿದ್ಧ ವಿಮಾನವನ್ನೇ ತರಿಸಿದರೆ ಹೇಗೆ? (ಧಾರವಾಡ)

ಎರಡೂ ಬೇಡ, ಮೊದಲು ರಿಮೋಟ್ ಕೊಳ್ಳಿ. ವಿಮಾನ ಬೀಳುತ್ತದೆ, ಒಡೆಯುತ್ತದೆ, ಬದಲಾಗುತ್ತದೆ. ರಿಮೋಟ್ ಮಾತ್ರ ವರ್ಷಗಟ್ಟಲೆ ಕೈಯಲ್ಲಿರುತ್ತದೆ. ಎಡ್ಜ್‌ಟಿಎಕ್ಸ್ ತಂತ್ರಾಂಶದ, ಒಳಗೇ 2.4 ಗಿಗಾಹರ್ಟ್ಸ್ ಎಕ್ಸ್‌ಪ್ರೆಸ್‌ಎಲ್‌ಆರ್‌ಎಸ್ (ವಿಮಾನಕ್ಕೆ ಆದೇಶ ಕಳಿಸುವ ರೇಡಿಯೊ ವ್ಯವಸ್ಥೆ) ಇರುವ ರಿಮೋಟ್ ಒಳ್ಳೆಯದು. ಮೋಡ್ 2 ಆರಿಸಿಕೊಳ್ಳಿ, ಅಂದರೆ ಥ್ರಾಟಲ್ (ಮೋಟರಿನ ವೇಗ ಏರಿಸಿ ಇಳಿಸುವ ಕಡ್ಡಿ) ಎಡಗೈಗೆ ಬರುವಂಥದ್ದು. ಅದನ್ನು ಯುಎಸ್‌ಬಿ ತಂತಿಯಿಂದ ಲ್ಯಾಪ್‌ಟಾಪಿಗೆ ಸಿಕ್ಕಿಸಿ, ಸಿಮ್ಯುಲೇಟರಿನಲ್ಲಿ (ಪರದೆಯ ಮೇಲೆ ಹಾರಿಸಿ ಕಲಿಯುವ ತಂತ್ರಾಂಶ) ಕಡಿಮೆಯೆಂದರೂ 10 ತಾಸು ಹಾರಿಸಿ. ಪಿಕಾಸಿಮ್ ಎಂಬ ಸಿಮ್ಯುಲೇಟರ್ ಉಚಿತವಾಗಿ ಸಿಗುತ್ತದೆ, ಆರಂಭಕ್ಕೆ ಅಷ್ಟು ಸಾಕು.

ಸಿಮ್ಯುಲೇಟರಿನಲ್ಲಿ ಮುಖ್ಯವಾಗಿ ಕಲಿಯಬೇಕಾದದ್ದು ವಿಮಾನ ನಿಮ್ಮತ್ತ ತಿರುಗಿ ಬರುವಾಗಿನ ಹಿಡಿತ. ಆಗ ಅದರ ಎಡ ನಿಮ್ಮ ಬಲವಾಗುತ್ತದೆ. ಯಾವ ರೆಕ್ಕೆ ಕೆಳಗೆ ಬಾಗಿದಂತೆ ಕಾಣುತ್ತದೋ ಆ ಕಡೆಗೇ ಕಡ್ಡಿ ಒತ್ತಿ, ಬಾಗಿದ ರೆಕ್ಕೆಗೆ ಕೆಳಗಿನಿಂದ ಆಸರೆ ಕೊಟ್ಟಂತೆ. ವಿಮಾನ ನೇರವಾಗುತ್ತದೆ. ಗಾಗಲ್ಸಿನಲ್ಲೇ ಹಾರಿಸುವುದಾದರೆ ಇದೇಕೆ ಬೇಕು ಎಂದು ಕೇಳಬಹುದು. ಚಿತ್ರ ಕಡಿದುಹೋದಾಗ ಗಾಗಲ್ಸ್ ತೆಗೆದು ಬರಿಗಣ್ಣಿನಿಂದ ಇಳಿಸಬೇಕಾಗುತ್ತದೆ, ಅದಕ್ಕೇ. ಬರಿಗಣ್ಣಿನಿಂದ ಹತ್ತು ಸಲ ಹಾರಿಸಿ ಹತ್ತೂ ಸಲ ಕಾಲಬುಡದಲ್ಲಿ ಇಳಿಸಲು ಬಂದ ಮೇಲೆ ಗಾಗಲ್ಸಿಗೆ ಹಣ ಹಾಕಿ. ಅವಸರ ಮಾಡಿದವರು ಒಂದೇ ಬೀಳಿಗೆ ವಿಮಾನದ ಜತೆ ಕ್ಯಾಮೆರಾ, ಅದರ ಚಿತ್ರವನ್ನು ಗಾಗಲ್ಸಿಗೆ ಕಳಿಸುವ ವಿಡಿಯೊ ಟ್ರಾನ್ಸ್‌ಮಿಟರ್ ಎರಡನ್ನೂ ಕಳೆದುಕೊಳ್ಳುತ್ತಾರೆ.

ಇನ್ನು ಸಿದ್ಧ ವಿಮಾನದ ಮಾತು. ಕಾನೂನಿನ ಲೆಕ್ಕದಲ್ಲಿ ಇಂಥ ವಿಮಾನವೂ ಡ್ರೋನೇ. 2022ರ ಫೆಬ್ರುವರಿ 9ರ ಆದೇಶದಿಂದ ಕೇಂದ್ರ ಸರ್ಕಾರ ಡ್ರೋನ್‌ಗಳ ಆಮದನ್ನು ನಿಷೇಧಿಸಿದೆ. ಪೂರ್ತಿ ಜೋಡಿಸಿದ್ದು, ಬಿಚ್ಚಿ ಕಿಟ್ ರೂಪದಲ್ಲಿ ತಂದದ್ದು ಎರಡಕ್ಕೂ ಇದು ಅನ್ವಯ. ಬಿಡಿಭಾಗಗಳಿಗೆ ನಿಷೇಧವಿಲ್ಲ. ಆದ್ದರಿಂದ ದೇಶದೊಳಗೆ ಸಿಗುವ ಭಾಗಗಳಿಂದ ನೀವೇ ಕಟ್ಟುವುದು ಸರಿಯಾದ ದಾರಿ. ಕಟ್ಟಿದವರಿಗೆ ರಿಪೇರಿಯೂ ಬರುತ್ತದೆ.

ಮೊದಲ ವಿಮಾನಕ್ಕೆ ಈ ಲೆಕ್ಕ ಇಟ್ಟುಕೊಳ್ಳಿ: ರೆಕ್ಕೆ ತುದಿಯಿಂದ ತುದಿಗೆ 1.2 ಮೀಟರ್, ಅಗಲ 20 ಸೆಂಟಿಮೀಟರ್, ಬ್ಯಾಟರಿ ಸೇರಿ ಒಟ್ಟು ತೂಕ 900 ಗ್ರಾಂ ಮೀರಬಾರದು. 2212 ಅಳತೆಯ 1400 ಕೆವಿ (ಒಂದು ವೋಲ್ಟಿಗೆ ನಿಮಿಷಕ್ಕೆ 1400 ಸುತ್ತು) ಬ್ರಷ್‌ಲೆಸ್ ಮೋಟರ್, 8x4 ಇಂಚಿನ ಪ್ರೊಪೆಲರ್, 30 ಆಂಪಿಯರ್ ಇಎಸ್‌ಸಿ (ಮೋಟರಿನ ವೇಗ ನಿಯಂತ್ರಕ), 9 ಗ್ರಾಂ ಸರ್ವೋ (ರೆಕ್ಕೆ, ಬಾಲದ ಪಟ್ಟಿಗಳನ್ನು ಆಡಿಸುವ ಪುಟ್ಟ ಮೋಟರ್) ನಾಲ್ಕು, 11.1 ವೋಲ್ಟಿನ 2200 ಎಂಎಎಚ್ ಲಿಪೋ (ಲಿಥಿಯಂ ಪಾಲಿಮರ್) ಬ್ಯಾಟರಿ. ಪ್ರೊಪೆಲರ್ ಮಾತ್ರ ಅರ್ಧ ಡಜನ್ ತನ್ನಿ. ಸಮನಾಗಿ ಹಾರುವಾಗ ಮೋಟರ್ ಸುಮಾರು 6 ಆಂಪಿಯರ್ ಎಳೆದರೆ, ಬ್ಯಾಟರಿಯ ಶೇ. 80 ಮಾತ್ರ ಬಳಸುವ ಲೆಕ್ಕದಲ್ಲಿ 17 ನಿಮಿಷ ಸಿಗುತ್ತದೆ. ಟೈಮರ್ 12ಕ್ಕೆ ಇಡಿ.

ಮೈಗೆ ಇಪಿಒ ಅಥವಾ ಇಪಿಪಿ ಫೋಮ್ ಒಳ್ಳೆಯದು. ಸನ್‌ಬೋರ್ಡ್ ಎಲ್ಲೆಡೆ ಸಿಗುತ್ತದೆ, ಆದರೆ ಅದರ ತೂಕ ಜಾಸ್ತಿ. ಬಿಳಿ ಥರ್ಮಾಕೋಲ್ ಬಳಸುವುದಾದರೆ ಅದಕ್ಕೆ ಫೆವಿಕ್ವಿಕ್ ಮುಟ್ಟಿಸಬೇಡಿ, ಕರಗಿ ತೂತಾಗುತ್ತದೆ. ಫೆವಿಕಾಲ್ ಹಚ್ಚಿ ರಾತ್ರಿಯಿಡೀ ಒಣಗಲು ಬಿಡಬೇಕು. ಇಪಿಒ ಫೋಮಿಗೆ ಫೆವಿಕ್ವಿಕ್ ನಡೆಯುತ್ತದೆ. ಬಿದ್ದು ಮೂಗು ಜಜ್ಜಿದ ಇಪಿಒವನ್ನು ಕುದಿನೀರಿನಲ್ಲಿ ಅರ್ಧ ನಿಮಿಷ ಅದ್ದಿದರೆ ಮತ್ತೆ ಉಬ್ಬಿಕೊಳ್ಳುತ್ತದೆ. ಮುರಿದ ಜಾಗಕ್ಕೆ ಒಳಗೆ ಬಿದಿರಿನ ಕಡ್ಡಿ, ಹೊರಗೆ ನೂಲೆಳೆಯ ಪ್ಯಾಕಿಂಗ್ ಟೇಪ್.

ನಾನೇ ಕಟ್ಟಿದ ವಿಮಾನ ಎಸೆದ ಕೂಡಲೇ ಎಡಕ್ಕೆ ಉರುಳಿ ಬೀಳುತ್ತದೆ. ಒಮ್ಮೆ ಮಾತ್ರ ಮೂಗು ಮೇಲೆತ್ತಿ, ಗಾಳಿಯಲ್ಲೇ ನಿಂತು, ಬಾಲ ಅಡಿಯಾಗಿ ಬಿತ್ತು. ಮೋಟರ್ ಮೂಗಿನಲ್ಲಿದೆ. ಎಲ್ಲಿ ತಪ್ಪಿದೆ? (ಗದಗ)

ಎರಡು ಬೇರೆ ಬೇರೆ ದೋಷಗಳು ಕೂಡಿವೆ.

ಮೂಗು ಮೇಲೆತ್ತಿ ನಿಂತದ್ದು ಸಿಜಿ, ಅಂದರೆ ತೂಕದ ನಡುಬಿಂದು, ಹಿಂದೆ ಸರಿದದ್ದರಿಂದ. ನೇರ ರೆಕ್ಕೆಯ ವಿಮಾನಕ್ಕೆ ಅದು ರೆಕ್ಕೆಯ ಮುಂದಂಚಿನಿಂದ ಅಗಲದ ಶೇ. 25ರಿಂದ 30ರೊಳಗೆ ಬರಬೇಕು. 20 ಸೆಂಟಿಮೀಟರ್ ಅಗಲಕ್ಕೆ 5ರಿಂದ 6 ಸೆಂಟಿಮೀಟರ್. ಎರಡೂ ರೆಕ್ಕೆಯ ಅಡಿಯಲ್ಲಿ ಅಲ್ಲಿ ಗೆರೆ ಎಳೆದು, ಬ್ಯಾಟರಿ ಸಮೇತ ಎರಡು ಬೆರಳುಗಳ ಮೇಲೆ ನಿಲ್ಲಿಸಿ. ಮೂಗು ಕೂದಲೆಳೆಯಷ್ಟು ತಗ್ಗಬೇಕು. ಬಾಲ ತಗ್ಗಿದರೆ ಹಾರಿಸಬೇಡಿ. ಸೀಸದ ತುಂಡು ಅಂಟಿಸುವ ಮೊದಲು ಬ್ಯಾಟರಿಯನ್ನೇ ಸರಿಸಿ ನೋಡಿ: 900 ಗ್ರಾಂ ವಿಮಾನದಲ್ಲಿ 180 ಗ್ರಾಂ ಬ್ಯಾಟರಿಯನ್ನು 5 ಸೆಂಟಿಮೀಟರ್ ಮುಂದೆ ತಂದರೆ ಸಿಜಿ 1 ಸೆಂಟಿಮೀಟರ್ ಮುಂದೆ ಬರುತ್ತದೆ. ಬಾಲವಿಲ್ಲದ ಬರಿ ರೆಕ್ಕೆಯ ವಿಮಾನಕ್ಕೆ ಈ ಲೆಕ್ಕ ಹೊಂದುವುದಿಲ್ಲ, ಅದಕ್ಕೆ ಸಿಜಿ ಇನ್ನೂ ಮುಂದಿರಬೇಕು.

ಎಡಕ್ಕೆ ಉರುಳುವುದಕ್ಕೆ ಕಾರಣಗಳು ಹಲವು. ಮೊದಲು ಏಲರಾನ್, ಅಂದರೆ ರೆಕ್ಕೆಯ ಹಿಂದಂಚಿನ ಆಡುವ ಪಟ್ಟಿ, ನೋಡಿ. ವಿಮಾನದ ಹಿಂದೆ ನಿಂತು ಕಡ್ಡಿಯನ್ನು ಬಲಕ್ಕೆ ಒತ್ತಿದರೆ ಬಲಗಡೆಯ ಏಲರಾನ್ ಮೇಲೇಳಬೇಕು. ಉಲ್ಟಾ ಇದ್ದರೆ ನೀವು ಸರಿಪಡಿಸಹೋದಷ್ಟೂ ಅದು ಉರುಳುತ್ತದೆ. ಹೊಸಬರ ಮೊದಲ ಬೀಳಿಗೆ ಬಹಳ ಸಲ ಇದೇ ಕಾರಣ. ಅದು ಸರಿಯಿದ್ದರೆ ಬಾಲದ ಕಡೆಯಿಂದ ಒಂದು ಕಣ್ಣು ಮುಚ್ಚಿ ಎರಡೂ ರೆಕ್ಕೆ ನೋಡಿ. ಒಂದು ರೆಕ್ಕೆಯ ಹಿಂದಂಚು ಇನ್ನೊಂದಕ್ಕಿಂತ ಕೆಳಗೆ ಕಂಡರೆ ರೆಕ್ಕೆ ತಿರುಚಿದೆ. ಬಿಸಿಲಲ್ಲಿ ಕಾರಿನ ಹಿಂಬದಿ ಇಟ್ಟ ಫೋಮಿಗೆ ಇದು ಸಾಮಾನ್ಯ.

ಇವೆರಡೂ ಸರಿಯಿದ್ದರೆ ಉಳಿದದ್ದು ಮೋಟರಿನ ತಿರುಚುಬಲ. ಹಿಂದಿನಿಂದ ನೋಡಿದಾಗ ಗಡಿಯಾರದ ಮುಳ್ಳಿನಂತೆ ಸುತ್ತುವ ಪ್ರೊಪೆಲರ್ ವಿಮಾನದ ಮೈಯನ್ನು ಎಡಕ್ಕೆ ಉರುಳಿಸುತ್ತದೆ. ವೇಗ ಬಂದ ಮೇಲೆ ಏಲರಾನ್ ಅದನ್ನು ತಡೆಯುತ್ತದೆ. ಎಸೆದ ಕ್ಷಣದಲ್ಲಿ ವೇಗವೂ ಇಲ್ಲ, ಏಲರಾನಿಗೆ ಬಲವೂ ಇಲ್ಲ. ಮೋಟರಿನ ಎಡಗಡೆಯ ಸ್ಕ್ರೂಗಳ ಕೆಳಗೆ ವಾಷರ್ ಕೊಟ್ಟು ಅದನ್ನು ಬಲಕ್ಕೆ ಸುಮಾರು 2 ಡಿಗ್ರಿ ತಿರುಗಿಸಿ. ಥ್ರಾಟಲ್ ಮುಕ್ಕಾಲಿಗೆ ಇಟ್ಟು, ಗಾಳಿಗೆ ಎದುರಾಗಿ, ಈಟಿ ಎಸೆದಂತೆ ನೇರವಾಗಿ ಎಸೆಯಿರಿ, ಮೇಲಕ್ಕಲ್ಲ. ಎಸೆಯಲು ಇನ್ನೊಬ್ಬರಿರಲಿ, ನಿಮ್ಮ ಎರಡೂ ಕೈ ರಿಮೋಟಿನ ಮೇಲೇ ಇರಲಿ. ಮೊದಲ ಹಾರಾಟಗಳಿಗೆ ಎಲಿವೇಟರ್ (ಬಾಲದ ಅಡ್ಡರೆಕ್ಕೆಯ ಆಡುವ ಪಟ್ಟಿ) ಮೇಲೆ ಕೆಳಗೆ 10 ಮಿಲಿಮೀಟರ್, ಏಲರಾನ್ 12 ಮಿಲಿಮೀಟರ್, ಎಕ್ಸ್‌ಪೋ (ಕಡ್ಡಿ ನಡುವಿನಲ್ಲಿರುವಾಗ ಚಲನೆಯನ್ನು ಮೆದುವಾಗಿಸುವ ಹೊಂದಾಣಿಕೆ) ಶೇ. 30 ಸಾಕು.

ಗದಗದವರಿಗೆ ಇನ್ನೊಂದು ಮಾತು: ಗಾಳಿ. ಕಪ್ಪತಗುಡ್ಡದ ಸುತ್ತ ಗಾಳಿಯಂತ್ರಗಳನ್ನು ಸುಮ್ಮನೆ ನಿಲ್ಲಿಸಿಲ್ಲ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೈರುತ್ಯದ ಗಾಳಿಯಲ್ಲಿ ಕಲಿಯಲು ಹೋಗಬೇಡಿ. ಚಳಿಗಾಲದಲ್ಲಿ, ಬೆಳಗ್ಗೆ ಆರೂವರೆಯಿಂದ ಎಂಟೂವರೆಯೊಳಗೆ ಹಾರಿಸಿ. ಹೋಗುವಾಗ ಗಾಳಿಗೆ ಎದುರು ಹೋಗಲಿ, ಬ್ಯಾಟರಿ ಇಳಿದಾಗ ಗಾಳಿಯೇ ಮನೆಗೆ ತಳ್ಳಿಕೊಂಡು ಬರುತ್ತದೆ.

ಮನೆ ವಿದ್ಯಾನಗರದಲ್ಲಿದೆ. ಹತ್ತಿರದ ಮೈದಾನದಲ್ಲಿ ಹಾರಿಸಬಹುದೆ? ಲೈಸೆನ್ಸ್ ಬೇಕೆ? (ಹುಬ್ಬಳ್ಳಿ)

ಅಲ್ಲಿ ಬೇಡ. ಗೋಕುಲ ರಸ್ತೆಯ ವಿಮಾನ ನಿಲ್ದಾಣ ಹತ್ತಿರವಿದೆ. ಉಣಕಲ್ ಕೆರೆಯ ದಂಡೆಗೂ ಇದೇ ಮಾತು. 2021ರ ಆಗಸ್ಟ್ 25ರಿಂದ ಜಾರಿಯಲ್ಲಿರುವ ಡ್ರೋನ್ ನಿಯಮಗಳ ಪ್ರಕಾರ ಹಸಿರು ವಲಯದಲ್ಲಿ 400 ಅಡಿಯವರೆಗೆ, ವಿಮಾನ ನಿಲ್ದಾಣದ ಎಲ್ಲೆಯಿಂದ 8ರಿಂದ 12 ಕಿ.ಮೀ. ನಡುವಿನ ಜಾಗದಲ್ಲಿ 200 ಅಡಿಯವರೆಗೆ ಮಾತ್ರ ಅನುಮತಿ ಕೇಳದೆ ಹಾರಿಸಬಹುದು. ಹಳದಿ, ಕೆಂಪು ವಲಯಗಳಿಗೆ ಮುಂಗಡ ಅನುಮತಿ ಬೇಕು. ಸರ್ಕಾರದ ಡಿಜಿಟಲ್ ಸ್ಕೈ ಜಾಲತಾಣದ ನಕಾಶೆಯಲ್ಲಿ ಬಣ್ಣ ನೋಡಿಯೇ ಹೊರಡಿ.

900 ಗ್ರಾಂ ವಿಮಾನ ಮೈಕ್ರೊ ವರ್ಗಕ್ಕೆ ಬರುತ್ತದೆ (250 ಗ್ರಾಂ ಮೀರಿದ್ದು, 2 ಕಿಲೊವರೆಗೆ). ಹವ್ಯಾಸಕ್ಕೆ ಹಾರಿಸುವವರಿಗೆ ಈ ವರ್ಗದಲ್ಲಿ ಪೈಲಟ್ ಪ್ರಮಾಣಪತ್ರ ಬೇಕಿಲ್ಲ. ಆದರೆ ನೋಂದಣಿ ಮಾಡಿಸಿ ಗುರುತು ಸಂಖ್ಯೆ ಪಡೆಯಬೇಕು ಎಂದು ನಿಯಮವಿದೆ. ಮಾಡೆಲ್ ವಿಮಾನ ಎನಿಸಿಕೊಳ್ಳಲು ಅದು ಕಣ್ಣಳತೆಯಲ್ಲೇ ಹಾರಬೇಕು. ಗಾಗಲ್ಸ್ ಹಾಕಿಕೊಂಡವರಿಗೆ ಆಕಾಶ ಕಾಣದು, ಆದ್ದರಿಂದ ಪಕ್ಕದಲ್ಲಿ ಒಬ್ಬರು ವಿಮಾನದ ಮೇಲೆ ಕಣ್ಣಿಟ್ಟು ನಿಂತಿರಬೇಕು. ಅವರ ಕಣ್ಣಿಗೆ ವಿಮಾನ ಮಸುಕಾದರೆ ತಿರುಗಿಸಿ.

ಜಾಗಕ್ಕೆ ಚಿಂತೆ ಬೇಡ. ಅಣ್ಣಿಗೇರಿ, ನವಲಗುಂದದ ಕಡೆ ಜೋಳ, ಕಡಲೆ ಕಿತ್ತ ಮೇಲಿನ ಎರಿ ಹೊಲಗಳಂಥ ಬಯಲು ಬೆಂಗಳೂರಿನವರಿಗೆ ಕನಸಿನಲ್ಲೂ ಸಿಗದು. ಹೊಲದವರನ್ನು ಕೇಳಿ ಇಳಿಯಿರಿ. ಹತ್ತಿಕಟ್ಟಿಗೆ ನಿಂತ ಹೊಲ ಬೇಡ, ರೆಕ್ಕೆ ಸೀಳುತ್ತದೆ. ಮಾಗಡಿ ಕೆರೆ, ರಾಣೆಬೆನ್ನೂರಿನ ಕೃಷ್ಣಮೃಗ ಅಭಯಾರಣ್ಯ, ಕಪ್ಪತಗುಡ್ಡದ ಕಾಡು ಇವುಗಳ ಹತ್ತಿರ ಹೋಗಬೇಡಿ. ಚಳಿಗಾಲಕ್ಕೆ ಮಾಗಡಿಗೆ ಬರುವ ಪಟ್ಟೆತಲೆ ಹೆಬ್ಬಾತುಗಳ ಹಿಂಡು ಒಮ್ಮೆ ಬೆದರಿ ಎದ್ದರೆ ವಿಮಾನಕ್ಕೂ ಅಪಾಯ, ಅವಕ್ಕೂ ಅಪಾಯ.

300 ಮೀಟರ್ ದಾಟಿದರೆ ಗಾಗಲ್ಸಿನಲ್ಲಿ ಚಿತ್ರ ಒಡೆಯುತ್ತದೆ. 25 ಮಿಲಿವ್ಯಾಟಿನ ಬದಲು ದೊಡ್ಡ ವಿಡಿಯೊ ಟ್ರಾನ್ಸ್‌ಮಿಟರ್ ಹಾಕಲೆ? ಅನಲಾಗ್ ವ್ಯವಸ್ಥೆ ಇದೆ. (ರಾಣೆಬೆನ್ನೂರು)

ದೂರ ಎರಡರಷ್ಟಾಗಲು ಶಕ್ತಿ ನಾಲ್ಕರಷ್ಟು ಬೇಕು. ಆದ್ದರಿಂದ ಮೊದಲು ಖರ್ಚಿಲ್ಲದ ದೋಷಗಳನ್ನು ಹುಡುಕೋಣ. ಚಿತ್ರ ಯಾವಾಗ ಕೆಡುತ್ತದೆ ಎಂಬುದೇ ಸುಳಿವು.

ಥ್ರಾಟಲ್ ಏರಿಸಿದಾಗಲೆಲ್ಲ ಅಡ್ಡಗೆರೆ ಓಡಿದರೆ ಅದು ವಿದ್ಯುತ್ತಿನ ಗದ್ದಲ. ಇಎಸ್‌ಸಿಗೆ ಬ್ಯಾಟರಿ ತಂತಿ ಸೇರುವಲ್ಲಿ 1000 ಮೈಕ್ರೊಫ್ಯಾರಡ್, 35 ವೋಲ್ಟಿನ ಲೋ ಇಎಸ್‌ಆರ್ (ಒಳಪ್ರತಿರೋಧ ಕಡಿಮೆಯ) ಕೆಪಾಸಿಟರ್ ಬೆಸೆಯಿರಿ. ಕೆಪಾಸಿಟರಿನ ಪಟ್ಟೆ ಇರುವ ಕಾಲು ಕಪ್ಪು ತಂತಿಗೆ. ಹಾರಿಸುವ ಮೊದಲು ನೆಲದ ಮೇಲೆ ಐದು ನಿಮಿಷ ಇಟ್ಟಾಗಲೇ ಮಂಕಾದರೆ ಟ್ರಾನ್ಸ್‌ಮಿಟರ್ ಕಾದಿದೆ. ಅದನ್ನು ಫೋಮಿನೊಳಗೆ ಹುದುಗಿಸದೆ ಗಾಳಿ ತಾಗುವಲ್ಲಿ ಕೂರಿಸಿ. ದೂರ ಹೋದಾಗ ಅಥವಾ ವಿಮಾನ ತಿರುಗಿದಾಗ ಮಾತ್ರ ಒಡೆದರೆ ಆಂಟೆನಾ ನೋಡಿ. ನಿಮ್ಮದು ಈ ಕೊನೆಯದೇ ಇರಬಹುದು.

ವೃತ್ತ ಧ್ರುವೀಕರಣದ (ತರಂಗವನ್ನು ತಿರುಪಿನಂತೆ ಸುತ್ತಿಸಿ ಕಳಿಸುವ) ಆಂಟೆನಾಗಳಲ್ಲಿ ಬಲಸುತ್ತು, ಎಡಸುತ್ತು ಎಂದು ಎರಡು ಬಗೆ. ಆರ್‌ಎಚ್‌ಸಿಪಿ, ಎಲ್‌ಎಚ್‌ಸಿಪಿ ಎಂದು ಬರೆದಿರುತ್ತದೆ. ವಿಮಾನದಲ್ಲೂ ಗಾಗಲ್ಸಿನಲ್ಲೂ ಒಂದೇ ಬಗೆ ಇರಬೇಕು. ಆಮೇಲೆ ಕನೆಕ್ಟರಿನ ಒಳಗೆ ಇಣುಕಿ. ಎಸ್‌ಎಂಎ, ಆರ್‌ಪಿ‌ಎಸ್‌ಎಂಎ ಎಂಬ ಎರಡು ಬಗೆಯ ಕನೆಕ್ಟರುಗಳು ಒಂದಕ್ಕೊಂದು ತಿರುಪಾಗಿ ಕೂರುತ್ತವೆ, ಆದರೆ ನಡುವೆ ಸೂಜಿಗೆ ಸೂಜಿ ಅಥವಾ ತೂತಿಗೆ ತೂತು ಎದುರಾಗಿದ್ದರೆ ಸಂಪರ್ಕವೇ ಇರುವುದಿಲ್ಲ. ಹೀಗೆ ಜೋಡಿಸಿದರೂ ಹತ್ತಿರದಲ್ಲಿ ಚಿತ್ರ ಬರುತ್ತದೆ, ಅದರಿಂದಲೇ ದೋಷ ತಿಳಿಯುವುದಿಲ್ಲ. ಆಂಟೆನಾ ಇಲ್ಲದೆ, ಅಥವಾ ಹೀಗೆ ತಪ್ಪಾಗಿ ಸಿಕ್ಕಿಸಿ ಟ್ರಾನ್ಸ್‌ಮಿಟರಿಗೆ ಬ್ಯಾಟರಿ ಕೊಟ್ಟರೆ ಅದರ ಆಂಪ್ಲಿಫೈಯರ್ ಸುಡುವ ಅಪಾಯವೂ ಇದೆ.

ನೀವು ಕೂರುವ ಜಾಗವೂ ಮುಖ್ಯ. 5.8 ಗಿಗಾಹರ್ಟ್ಸ್ ತರಂಗವನ್ನು ಹಸಿ ಎಲೆ, ಮನುಷ್ಯನ ಮೈ ಎಲ್ಲವೂ ನುಂಗುತ್ತವೆ. ಆಳೆತ್ತರದ ಗೋವಿನಜೋಳದ ಪಕ್ಕ ಕುಳಿತರೆ ಆ ಕಡೆಯ ಚಿತ್ರ ಹೋದಂತೆಯೇ. ಬೆನ್ನ ಹಿಂದೆ ಹಾರಿಸಬೇಡಿ. ಗಾಗಲ್ಸಿನಲ್ಲಿ ಎರಡು ಆಂಟೆನಾಗೆ ಜಾಗವಿದ್ದರೆ ಒಂದು ಸುತ್ತಲೂ ಹಿಡಿಯುವಂಥದ್ದು, ಇನ್ನೊಂದು ಮುಂದಕ್ಕೆ ನೋಡುವ 8 ಡಿಬಿಐ ಪ್ಯಾಚ್ (ಚಪ್ಪಟೆ ಆಂಟೆನಾ) ಹಾಕಿ. ಚಾನೆಲ್ ಎಫ್ ಬ್ಯಾಂಡಿನ 5740ರಿಂದ 5860 ಮೆಗಾಹರ್ಟ್ಸ್ ಒಳಗೆ ಆರಿಸಿ. ನಮ್ಮ ದೇಶದಲ್ಲಿ ಪರವಾನಗಿ ಬೇಡದ ತರಂಗಪಟ್ಟಿ 5875 ಮೆಗಾಹರ್ಟ್ಸಿಗೆ ಮುಗಿಯುತ್ತದೆ. ರೇಸ್‌ಬ್ಯಾಂಡ್ ಎಂಬ ಇನ್ನೊಂದು ಚಾನೆಲ್ ಗುಂಪಿನ ಆರ್7 (5880), ಆರ್8 (5917) ಅದರ ಹೊರಗಿವೆ.

ಗಾಗಲ್ಸ್ ಕಳಚಿ ಇಡುವಾಗ ಮಸೂರ ಸೂರ್ಯನತ್ತ ಇರದಂತೆ ನೋಡಿಕೊಳ್ಳಿ. ಬಿಸಿಲು ಮಸೂರದಲ್ಲಿ ಕೂಡಿ ಒಳಗಿನ ಪರದೆಯನ್ನು ಸುಡುತ್ತದೆ, ಅದಕ್ಕೆ ಕೆಲವು ಕ್ಷಣ ಸಾಕು.

ಬ್ಯಾಟರಿ ದಿಂಬಿನಂತೆ ಉಬ್ಬಿದೆ. ಬಳಸಬಹುದೆ? (ಲಕ್ಷ್ಮೇಶ್ವರ)

ಬೇಡ. ಚಾರ್ಜಿಗೂ ಹಾಕಬೇಡಿ, ಚುಚ್ಚಬೇಡಿ. ಕಾರಿನ ಹೆಡ್‌ಲೈಟ್ ಬಲ್ಬು ಜೋಡಿಸಿ ಹೊರಗೆ ಮಣ್ಣಿನ ಮೇಲಿಟ್ಟು ಪೂರ್ತಿ ಖಾಲಿ ಮಾಡಿ, ಆಮೇಲೆ ಇ‌-ತ್ಯಾಜ್ಯ ಸಂಗ್ರಹಕ್ಕೆ ಕೊಡಿ. ಹೊಸದನ್ನು 1ಸಿ ಲೆಕ್ಕದಲ್ಲಿ, ಅಂದರೆ 2200 ಎಂಎಎಚ್‌ಗೆ 2.2 ಆಂಪಿಯರಿನಲ್ಲಿ, ಎಲ್ಲ ಸೆಲ್‌ಗಳನ್ನೂ ಸಮನಾಗಿ ತುಂಬುವ ಬ್ಯಾಲೆನ್ಸ್ ಚಾರ್ಜರಿಗೇ ಹಾಕಿ. ಬ್ಯಾಟರಿಯೊಳಗಿನ ಮೂರು ಸೆಲ್‌ಗಳಲ್ಲಿ ಒಂದೊಂದೂ ತುಂಬಿದಾಗ 4.2 ವೋಲ್ಟ್. 3.5ಕ್ಕೆ ಬಂದರೆ ವಿಮಾನ ಇಳಿಸಿ. ಎರಡು ಮೂರು ದಿನ ಹಾರಿಸುವುದಿಲ್ಲವೆಂದರೆ 3.8ಕ್ಕೆ ತಂದು ಇಡಿ. ತುಂಬಿದ ಬ್ಯಾಟರಿಯನ್ನು ವಾರಗಟ್ಟಲೆ ಹಾಗೇ ಬಿಡುವುದು, ಏಪ್ರಿಲ್ ಬಿಸಿಲಲ್ಲಿ ಕಾರಿನಲ್ಲಿಡುವುದು, ಈ ಎರಡರಿಂದ ಉಬ್ಬುವವೇ ಹೆಚ್ಚು.

ಮಗನಿಗೆ ಹದಿಮೂರು ವರ್ಷ. ಇದೇ ಬೇಕೆಂದು ಹಟ ಹಿಡಿದಿದ್ದಾನೆ. ಸಿಗ್ನಲ್ ಹೋದರೆ ವಿಮಾನ ಯಾರ ಮೇಲಾದರೂ ಬಿದ್ದೀತೆಂದು ನನಗೆ ಭಯ. (ಹಾವೇರಿ, ಒಬ್ಬ ತಾಯಿ)

ನಿಮ್ಮ ಭಯ ಸರಿಯಾದದ್ದು ತಾಯಿ, ಅದಕ್ಕೆ ಉಪಾಯವೂ ಇದೆ. ರಿಮೋಟಿನ ಆದೇಶ ಹಿಡಿಯುವ, ವಿಮಾನದೊಳಗಿನ ರಿಸೀವರಿನಲ್ಲಿ ಫೇಲ್‌ಸೇಫ್ ಎಂಬ ವ್ಯವಸ್ಥೆ ಇರುತ್ತದೆ. ರಿಮೋಟಿನ ಸಂಪರ್ಕ ಕಡಿದಾಗ ಯಾವ ಸರ್ವೋ ಹೇಗಿರಬೇಕು, ಮೋಟರ್ ಏನು ಮಾಡಬೇಕು ಎಂದು ಮೊದಲೇ ಹೇಳಿಡುವುದು. ಮೋಟರ್ ನಿಲ್ಲುವಂತೆ, ವಿಮಾನ ನಿಧಾನವಾಗಿ ಒಂದೇ ಕಡೆ ಸುತ್ತುತ್ತ ಇಳಿಯುವಂತೆ ಹೊಂದಿಸಬೇಕು. ಕೆಲವು ರಿಸೀವರುಗಳು ಕೊನೆಯ ಆದೇಶವನ್ನೇ ಹಿಡಿದುಕೊಂಡಿರುವಂತೆ ಬರುತ್ತವೆ. ಹಾಗೇ ಬಿಟ್ಟರೆ ಮೋಟರ್ ಓಡುತ್ತಲೇ ವಿಮಾನ ಊರ ಮೇಲೆ ಹೋದೀತು. ಐನ್ಯಾವ್ ತಂತ್ರಾಂಶದ ಫ್ಲೈಟ್ ಕಂಟ್ರೋಲರ್ (ವಿಮಾನವನ್ನು ನಡೆಸುವ ಪುಟ್ಟ ಕಂಪ್ಯೂಟರ್) ಮತ್ತು ಜಿಪಿಎಸ್ ಹಾಕಿದರೆ ವಿಮಾನ ತಾನೇ ಹೊರಟ ಜಾಗಕ್ಕೆ ಮರಳಿ ಸುತ್ತುತ್ತದೆ. ಆದರೆ ಅದು ಎರಡನೇ ವರ್ಷದ ಮಾತು.

ಪ್ರತಿ ಸಲ ಹೊರಡುವ ಮುನ್ನ ಪ್ರೊಪೆಲರ್ ಬಿಚ್ಚಿ, ಥ್ರಾಟಲ್ ಅರ್ಧ ಏರಿಸಿ, ರಿಮೋಟ್ ಆಫ್ ಮಾಡಿ ನೋಡಲು ಮಗನಿಗೆ ಹೇಳಿ. ಒಂದೆರಡು ಸೆಕೆಂಡಿನಲ್ಲಿ ಮೋಟರ್ ನಿಲ್ಲಬೇಕು. ನಿಲ್ಲದಿದ್ದರೆ ಆ ದಿನ ಹಾರಾಟವಿಲ್ಲ. ಇದನ್ನು ಮಾಡುವಾಗ ನೀವೇ ಪಕ್ಕದಲ್ಲಿ ನಿಂತು ಎಣಿಸಿ. ವಿಮಾನದ ಮೇಲೆ ಕಣ್ಣಿಡುವ ಆ ಇನ್ನೊಬ್ಬರ ಜಾಗವೂ ನಿಮ್ಮದೇ ಆಗಲಿ.